ಶಾಲೆಯೇ ಜಗಲಿಗೆ ಬಂದ ವರ್ಷ

2020ರ ಮಾರ್ಚ್‌ನಲ್ಲಿ ನಮ್ಮ ಸ್ಟರ್ಲಿಂಗ್ ಇರುವ ಲೌಡನ್ ಕೌಂಟಿಯ ಶಾಲೆಗಳು ಮುಚ್ಚಿದವು. ಅದೇ ತಿಂಗಳು ಕರ್ನಾಟಕದಲ್ಲೂ ಮುಚ್ಚಿದವು. ಎರಡೂ ಕಡೆ ಪಾಠಕ್ಕಿಂತ ಮೊದಲು ಎದುರಾದದ್ದು ಊಟದ ಪ್ರಶ್ನೆ. ಇಲ್ಲಿ ಶಾಲೆಯವರು ಊಟದ ಪೊಟ್ಟಣ ಹಂಚಿದರು. ಅಲ್ಲಿ ಬಿಸಿಯೂಟದ ಬದಲು ಅಕ್ಕಿ, ಬೇಳೆಯನ್ನು ಮನೆಯವರ ಕೈಗೆ ಕೊಟ್ಟರು.

ಆನ್‌ಲೈನ್ ಪಾಠ ಅಂದ್ರೆ ಕರೆಂಟು, ನೆಟ್‌ವರ್ಕು, ಫೋನು ಮೂರೂ ಬೇಕು. ಹಳ್ಳಿಯ ಎಷ್ಟೋ ಮನೆಗಳಲ್ಲಿ ಇದ್ದದ್ದು ಒಂದೇ ಫೋನು, ಅದೂ ಅಪ್ಪನ ಜೇಬಲ್ಲಿ. ಹಾಗಾಗಿ ಆಗಸ್ಟ್‌ನಲ್ಲಿ ಸರ್ಕಾರ ‘ವಿದ್ಯಾಗಮ’ ಶುರು ಮಾಡಿತು. ಮಕ್ಕಳನ್ನು ಮನೆ ಹತ್ತಿರವೇ ಸಣ್ಣ ಗುಂಪು ಮಾಡಿ, ಮೇಷ್ಟ್ರು, ಟೀಚರಮ್ಮಂದಿರೇ ಊರೊಳಗೆ ಹೋದರು. ಊರವರು ದೇವಸ್ಥಾನದ ಅಂಗಳ, ಮನೆ ಜಗಲಿ, ಮರದ ನೆರಳು ಬಿಟ್ಟುಕೊಟ್ಟರು.

ಅದಕ್ಕೆ ಬೆಲೆಯನ್ನೂ ತೆತ್ತರು. ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿತು, ಕೆಲವು ಶಿಕ್ಷಕರು ತೀರಿಕೊಂಡರು. ಅಕ್ಟೋಬರ್‌ನಲ್ಲಿ ನಿಲ್ಲಿಸಬೇಕಾಯಿತು. 2021ರ ಜನವರಿ 1ರಂದು ಮತ್ತೆ ಶುರುವಾಯಿತು, ಈ ಸಲ ಶಾಲೆಯ ಆವರಣದಲ್ಲೇ.

ಸರ್ಕಾರಿ ಐಟಿಐ ಓದಿ ಬಂದ ನಾನು ಹೇಳೋದಿಷ್ಟೆ: ಯೋಜನೆ ಆದೇಶದಿಂದ ಶುರುವಾಗಬಹುದು. ನಡೆಸಿದ್ದು ಮಾತ್ರ ಜಗಲಿ ಕೊಟ್ಟ ಮನೆಯವರು, ಅಲ್ಲಿಗೆ ನಡೆದು ಬಂದ ಮೇಷ್ಟ್ರು. ಊರಿಗೆ ಹೋದಾಗ ಅವರನ್ನೊಮ್ಮೆ ಮಾತಾಡಿಸಿ ಬನ್ನಿ.