ಕೆನಡಾ ವಲಸೆ: ಅರ್ಜಿಗೆ ಮುನ್ನ ಅಂಕಪಟ್ಟಿ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿಯ ಪದವೀಧರರು ಕುಶಲ ನೌಕರರಾಗಿ ಕೆನಡಾದಲ್ಲಿ ನೆಲೆಸಬಯಸಿದರೆ ಮೊದಲು ವಿದ್ಯಾರ್ಹತೆಯ ದಾಖಲೆಗಳನ್ನು ಸಿದ್ಧಪಡಿಸಿಕೊಳ್ಳಬೇಕು. ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 2010ರಲ್ಲಿ. ಅದಕ್ಕೂ ಮುನ್ನ ಈ ಭಾಗದ ಸಾಮಾನ್ಯ ಪದವಿ ಕಾಲೇಜುಗಳಲ್ಲಿ ಹೆಚ್ಚಿನವು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಆದಕಾರಣ ಹಳೆಯ ಪದವಿಯ ದೃಢೀಕೃತ ಅಂಕಪಟ್ಟಿಗೆ ಧಾರವಾಡಕ್ಕೇ ಅರ್ಜಿ ಸಲ್ಲಿಸಬೇಕು.

ಬಿಜಾಪುರವು 2014ರ ನವೆಂಬರ್ 1ರಂದು ವಿಜಯಪುರವಾಯಿತು. ಜನನ ಪತ್ರದಲ್ಲಿ ಒಂದು, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ಹೆಸರಿದ್ದರೆ ವಿವರಣೆ ಪತ್ರ ಲಗತ್ತಿಸುವುದು ಒಳಿತು.

ವಿದ್ಯಾರ್ಹತೆ ಮೌಲ್ಯಮಾಪನ ವರದಿಗೆ 5 ವರ್ಷ ಮಾನ್ಯತೆಯಿದೆ. ಭಾಷಾ ಪರೀಕ್ಷೆಯ ಫಲಿತಾಂಶಕ್ಕೆ ಕೇವಲ 2 ವರ್ಷ. ಪರೀಕ್ಷೆ ಮೊದಲೇ ಬರೆದು ಅಂಕಪಟ್ಟಿಗಾಗಿ ಕಾದು ಕುಳಿತರೆ ಫಲಿತಾಂಶದ ಅವಧಿ ವ್ಯರ್ಥವಾಗಿ ಕಳೆಯುತ್ತದೆ, ಮತ್ತೆ ಶುಲ್ಕ ತೆರಬೇಕಾದೀತು. ಆದ್ದರಿಂದ ಅಂಕಪಟ್ಟಿ ಮೊದಲು, ಪರೀಕ್ಷೆ ನಂತರ.