ಸೋತ ತಂಡವನ್ನು ಅಭಿಮಾನಿಗಳು ಏಕೆ ಬಿಡುವುದಿಲ್ಲ?

ಐಪಿಎಲ್ ದಿನಗಳಲ್ಲಿ ಬಿನ್ನಿಪೇಟೆಯ ಯಾವ ಟೀ ಅಂಗಡಿ ಮುಂದೆ ನಿಂತರೂ ಆರ್‌ಸಿಬಿ ಮಾತು ಕಿವಿಗೆ ಬೀಳುತ್ತದೆ. 2008ರಿಂದ 2024ರವರೆಗೆ ಹದಿನೇಳು ಸೀಸನ್ ಆಡಿದರೂ ಪುರುಷರ ತಂಡಕ್ಕೆ ಕಪ್ ಬರಲಿಲ್ಲ. 2009, 2011 ಮತ್ತು 2016ರ ಫೈನಲ್‌ಗಳಲ್ಲಿ ಸೋಲು. ಕೊನೆಯದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲೇ, ಬರೀ 8 ರನ್‌ಗಳಿಂದ. 2017ರಲ್ಲಿ ಕೋಲ್ಕತ್ತಾ ಎದುರು 49ಕ್ಕೆ ಆಲೌಟ್. ಆದರೂ ಪ್ರತಿ ವರ್ಷ ‘ಈ ಸಲ ಕಪ್ ನಮ್ದೇ’. ಇದು ಬರೀ ಹುಚ್ಚೇ?

ಸೋತರೆ ಜನ ದೂರ ಸರಿಯುತ್ತಾರೆಯೇ?

ಅರ್ಧ ನಿಜ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಗೆದ್ದ ಮೇಲಿನ ಸೋಮವಾರ, ಅದರ ಹೆಸರಿರುವ ಬಟ್ಟೆ ತೊಟ್ಟು ಬರುವ ವಿದ್ಯಾರ್ಥಿಗಳು ಹೆಚ್ಚಾಗುತ್ತಿದ್ದರು. ಗೆದ್ದರೆ ‘ನಾವು ಗೆದ್ದೆವು’, ಸೋತರೆ ‘ಅವರು ಸೋತರು’ ಎನ್ನುವ ಒಲವೂ ಕಂಡಿತು. ಆದರೆ ತಂಡವನ್ನೇ ತಮ್ಮ ಗುರುತಾಗಿ ಮಾಡಿಕೊಂಡವರು ಸೋತಾಗಲೂ ಹಾಗೆ ದೂರ ಸರಿಯುವುದು ಕಡಿಮೆ ಎಂದು 1990ರ ಇನ್ನೊಂದು ಅಧ್ಯಯನ ಹೇಳಿತು. ನಮ್ಮ ಘೋಷಣೆಯಲ್ಲೇ ನೋಡಿ: ಎಷ್ಟು ಸಲ ಸೋತರೂ ‘ನಮ್ದೇ’ ಎಂಬ ಪದ ‘ಅವರದು’ ಆಗಲಿಲ್ಲ.

ಹಿಡಿದಿಡುವುದು ಯಾವುದು?

ಒಟ್ಟಿಗೆ ಪಟ್ಟ ನೋವು. ಮಾರ್ಥಾ ನ್ಯೂಸನ್ ಮತ್ತು ಸಂಗಡಿಗರು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅಭಿಮಾನಿಗಳನ್ನು ಅಧ್ಯಯನ ಮಾಡಿ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಹೆಚ್ಚು ಗೆಲ್ಲುವ ಕ್ಲಬ್‌ಗಳಿಗಿಂತ ಹೆಚ್ಚು ಸೋಲುವ ಕ್ಲಬ್‌ಗಳ ಅಭಿಮಾನಿಗಳಲ್ಲಿ ಪರಸ್ಪರ ಬಂಧ ಗಟ್ಟಿಯಾಗಿತ್ತು. ಕಹಿ ನೆನಪುಗಳನ್ನು ಮನಸ್ಸು ಮತ್ತೆ ಮತ್ತೆ ಮೆಲುಕು ಹಾಕುತ್ತದೆ. ಅದೇ ನೆನಪು ಪಕ್ಕದವರಿಗೂ ಇದೆ ಎಂದಾಗ ಅವರು ಮನೆಯವರಂತೆ ಕಾಣುತ್ತಾರೆ. 49ರ ಆ ರಾತ್ರಿ ನೆನಪಿದೆಯೇ ಎಂದು ಕೇಳಿದರೆ ಸಾಕು, ಅಪರಿಚಿತರ ನಡುವೆಯೂ ಮಾತು ಹತ್ತುತ್ತದೆ.

ಆದರೆ ಒಂದು ಎಚ್ಚರ ಬೇಕು. ಬೇಸತ್ತು ಬಿಟ್ಟುಹೋದವರು ಇಂಥ ಸಮೀಕ್ಷೆಗಳಲ್ಲಿ ಸಿಗುವುದಿಲ್ಲ. ಹಾಗಾಗಿ ಸೋಲು ಎಲ್ಲರನ್ನೂ ಬೆಸೆಯುತ್ತದೆ ಎನ್ನಲಾಗದು; ಉಳಿದವರಲ್ಲಿ ಬಂಧ ಗಟ್ಟಿ ಎನ್ನಬಹುದು, ಅಷ್ಟೆ.

ಈ ನಿಷ್ಠೆಗೆ ಬೆಲೆ ಇದೆಯೇ?

ಇದೆ. 2006ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಜರ್ಮನಿ ಆಡಿದ ದಿನಗಳಂದು ಮ್ಯೂನಿಕ್ ಪ್ರದೇಶದಲ್ಲಿ ತುರ್ತು ಹೃದಯ ಸಮಸ್ಯೆಗಳು ಎರಡೂವರೆ ಪಟ್ಟಿಗಿಂತ ಹೆಚ್ಚಾಗಿದ್ದವು. ಹೃದ್ರೋಗ ಇರುವವರು ರೋಚಕ ಪಂದ್ಯದ ದಿನ ಮಾತ್ರೆ ಮರೆಯಬಾರದು. ಎದೆನೋವು ಬಂದರೆ ‘ಟೆನ್ಷನ್‌ಗೆ ಹೀಗಾಗಿದೆ’ ಎಂದು ಕೊನೆಯ ಓವರ್‌ವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು 6 ರನ್‌ಗಳಿಂದ ಸೋಲಿಸಿ ಆರ್‌ಸಿಬಿ ಕಪ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಪ್ರಾಣ ಕಳೆದುಕೊಂಡರು. ಹದಿನೆಂಟು ವರ್ಷ ಕಾದವರು ಗೆದ್ದ ದಿನ ಮನೆಯಲ್ಲಿ ಕೂರುವುದಿಲ್ಲ ಎಂಬುದು ಊಹಿಸಲಾಗದ ವಿಷಯವಲ್ಲ. ಸೋತಾಗಲೂ ಬಿಡದವರು ಗೆದ್ದಾಗ ಎಷ್ಟು ಜನ ಬಂದಾರು ಎಂಬ ಲೆಕ್ಕವನ್ನು ಸಂಭ್ರಮ ಏರ್ಪಡಿಸುವವರು ಮೊದಲೇ ಹಾಕಬೇಕು. ಅಭಿಮಾನ ಹುಚ್ಚಲ್ಲ, ಆದರೆ ಅದರ ಬಲವನ್ನು ಕಡಿಮೆ ಎಣಿಸುವುದು ಅಪಾಯ.