ಅಡಗಿದ ಒಲೆ

ಇತ್ತೀಚೆಗೆ ಬೆಂಗಳೂರಿನಲ್ಲಿರುವ ನಮ್ಮ ಮಗಳ ಮನೆಗೆ ಹೋಗಿದ್ದೆವು. ಅಲ್ಲಿ ಹೊಸದಾಗಿ ಮಾಡಿಸಿದ ಅಡಿಗೆಮನೆಯಲ್ಲಿ ನನ್ನ ಪತ್ನಿಯು ಎಷ್ಟು ಹುಡುಕಿದರೂ ಒಲೆಯು ಕಾಣಲಿಲ್ಲ. ಕಂಡುದು ನುಣುಪಾದ ಕಲ್ಲಿನ ಕಟ್ಟೆಯೊಂದು ಮಾತ್ರ. "ಒಲೆ ಎಲ್ಲಿಯೇ?" ಎಂದು ಕೇಳಲು, ಮಗಳು ನಕ್ಕು, "ನೀನು ಕೈಯಿಟ್ಟುಕೊಂಡಿರುವುದೇ ಒಲೆಯಮ್ಮ" ಎಂದಳು. ಆಕೆಯು ಥಟ್ಟನೆ ಕೈಯನ್ನು ಹಿಂದೆಗೆದುಕೊಂಡಳು. ಈ ಪ್ರಸಂಗವೇ ಪ್ರಕೃತ ಲೇಖನಕ್ಕೆ ಕಾರಣವಾಯಿತು.

ಅಗ್ನಿಯು ಅಡಗುವುದು ನಮಗೆ ಹೊಸ ಮಾತಲ್ಲ. ಆತನು ದೇವತೆಗಳಿಗೆ ಕಾಣಿಸಿಕೊಳ್ಳದೆ ನೀರಿನಲ್ಲಿ ಮರೆಯಾಗಿದ್ದ ವೃತ್ತಾಂತವು ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಇರುವುದಷ್ಟೆ. ಆದರೆ ಅಲ್ಲಿ ಅಗ್ನಿಯು ತಾನಾಗಿ ಅಡಗಿದನು. ಇಲ್ಲಿ ಮನುಷ್ಯನೇ ಆತನನ್ನು ಅಡಗಿಸಿದನು. ಏತಕ್ಕೆ ಅಡಗಿಸಿದನೆಂಬುದೇ ವಿಚಾರಾರ್ಹವಾದುದು.

ಯುರೋಪಿನಲ್ಲಿ ಈ ಕಾರ್ಯಕ್ಕೆ ಕೈಯಿಟ್ಟವರಲ್ಲಿ ಪ್ರಮುಖನು ಬೆಂಜಮಿನ್ ಥಾಂಪ್ಸನ್ ಎಂಬ ರಮ್‌ಫೋರ್ಡ್ ಪ್ರಭು. ಅಮೆರಿಕಾದಲ್ಲಿ 1753ರಲ್ಲಿ ಹುಟ್ಟಿ ಬವೇರಿಯಾದ ರಾಜಸೇವೆಯಲ್ಲಿದ್ದ ಈತನು, ತೆರೆದ ಉರಿಯಲ್ಲಿ ಸೌದೆಯು ವ್ಯರ್ಥವಾಗುವುದನ್ನು ಕಂಡು, 1790ರ ದಶಕದಲ್ಲಿ ಮ್ಯೂನಿಕ್ ನಗರದಲ್ಲಿ ಬೆಂಕಿಯನ್ನು ಇಟ್ಟಿಗೆಯ ಗೋಡೆಯೊಳಗೆ ಮುಚ್ಚಿ, ಒಂದೊಂದು ಪಾತ್ರೆಗೆ ಒಂದೊಂದು ಕುಳಿಯುಳ್ಳ ಒಲೆಗಳನ್ನು ಕಟ್ಟಿಸಿದನು. ಅದೇ ನಗರದಲ್ಲಿ ಫಿರಂಗಿಯ ಲೋಹವನ್ನು ಕೊರೆಯುವ ಘರ್ಷಣೆಯೊಂದರಿಂದಲೇ ಎರಡೂವರೆ ಗಂಟೆಗಳಲ್ಲಿ ನೀರನ್ನು ಕುದಿಸಿ ತೋರಿಸಿ, 1798ರಲ್ಲಿ ಅದನ್ನು ಪ್ರಕಟಿಸಿದನು. ಉರಿಯಿಲ್ಲದೆ ನೀರು ಕುದಿದುದನ್ನು ಕಂಡು ನೆರೆದವರು ಬೆರಗಾದರಂತೆ. ಬೆಂಕಿಯನ್ನು ಮುಚ್ಚಿದವನೇ ಬೆಂಕಿಯು ಅನಾವಶ್ಯಕವೆಂಬುದನ್ನೂ ತೋರಿಸಿದನು.

ಮುಂದೆ 1831ರಲ್ಲಿ ಲಂಡನ್ನಿನ ಮೈಕೇಲ್ ಫ್ಯಾರಡೆಯು, ಬದಲಾಗುವ ಅಯಸ್ಕಾಂತ ಬಲವು ತಾಗದೆಯೇ ಲೋಹದಲ್ಲಿ ವಿದ್ಯುತ್ತನ್ನು ಹುಟ್ಟಿಸುವುದೆಂದು ಕಂಡುಹಿಡಿದನು. ಫ್ರಾನ್ಸಿನ ಫೂಕೋ ಎಂಬಾತನು 1855ರಲ್ಲಿ, ಅಯಸ್ಕಾಂತದ ನಡುವೆ ತಿರುಗುವ ತಾಮ್ರದ ಬಿಲ್ಲೆಯು ಬಿಸಿಯಾಗುವುದನ್ನು ತೋರಿಸಿದನು. ಇಂಡಕ್ಷನ್ ಒಲೆಯ ತತ್ತ್ವವು ಇಷ್ಟೇ. ಕೆಳಗೆ ತಾಮ್ರದ ತಂತಿಯ ಸುರುಳಿ. ಅದರಲ್ಲಿ ಸೆಕೆಂಡಿಗೆ 20,000ಕ್ಕೂ ಹೆಚ್ಚು ಆವರ್ತಗಳುಳ್ಳ ವಿದ್ಯುತ್ಪ್ರವಾಹ. ಮೇಲಣ ಕಬ್ಬಿಣದ ಪಾತ್ರೆಯ ತಳದಲ್ಲಿ ಸುಳಿಪ್ರವಾಹಗಳು ಹುಟ್ಟಿ, ಪಾತ್ರೆಯೇ ಕಾಯುತ್ತದೆ. ನಮ್ಮ ತಾಮ್ರ, ಹಿತ್ತಾಳೆಗಳಿಗೆ ಈ ಒಲೆಯು ಒಲಿಯದು. ಇಷ್ಟು ವೇಗದ ಪ್ರವಾಹವನ್ನು ಮನೆಯೊಳಗೆ ಅಗ್ಗವಾಗಿ ಹುಟ್ಟಿಸುವ ಅರೆವಾಹಕ ಸಾಧನಗಳು ಬರುವವರೆಗೂ ಈ ವಿದ್ಯೆಯು ಅಡಿಗೆಮನೆಯನ್ನು ಸೇರಲು ಕಾಯಬೇಕಾಯಿತು.

ಈ ನಡುವೆ ಬೇರೊಂದು ಅಡಗಿಸುವಿಕೆ ನಡೆಯಿತು. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ಬಡಾವಣೆಗಳಿಗಾಗಿ ಮಾರ್ಗರೆಟೆ ಶುಟ್ಟೆ-ಲಿಹೋಟ್ಸ್ಕಿ ಎಂಬ ಮಹಿಳೆಯು ಸುಮಾರು 1.9 ಮೀಟರು ಅಗಲ, 3.4 ಮೀಟರು ಉದ್ದದ ಅಡಿಗೆಮನೆಯೊಂದನ್ನು ಕಲ್ಪಿಸಿದಳು. ರೈಲಿನ ಊಟದ ಗಾಡಿಯ ಅಡಿಗೆಕೋಣೆಯನ್ನು ಮಾದರಿಯಾಗಿಟ್ಟುಕೊಂಡು, ಹೆಜ್ಜೆಗಳನ್ನು ಉಳಿಸಿ ಗೃಹಿಣಿಯ ಶ್ರಮವನ್ನು ತಗ್ಗಿಸುವುದೇ ಆಕೆಯ ಸದುದ್ದೇಶವಾಗಿತ್ತು. ಅಂತಹ ಸುಮಾರು 10,000 ಅಡಿಗೆಮನೆಗಳು ಸಿದ್ಧವಾದುವು. ಶ್ರಮವೇನೋ ತಗ್ಗಿತು, ಆದರೆ ಒಬ್ಬರೇ ನಿಲ್ಲಬಹುದಾದ ಆ ಕೋಣೆಯಲ್ಲಿ ಗೃಹಿಣಿಯು ಒಂಟಿಯಾದಳೆಂಬ ಆಕ್ಷೇಪವೂ ಬಂದಿತು.

ಕಾಲಾಂತರದಲ್ಲಿ ಗೋಡೆಯು ಬಿದ್ದಿತು. ಅಡಿಗೆಮನೆಯು ಹಜಾರದೊಡನೆ ಒಂದಾಯಿತು. ಅಮೆರಿಕಾದ ವೆಸ್ಟಿಂಗ್‌ಹೌಸ್ ಸಂಸ್ಥೆಯು ಇಂಡಕ್ಷನ್ ಒಲೆಯನ್ನು 1971ರಲ್ಲಿ ಪ್ರದರ್ಶಿಸಿದುದು ಹ್ಯೂಸ್ಟನ್ ನಗರದಲ್ಲಿ, ಮನೆ ಕಟ್ಟುವವರ ಸಮ್ಮೇಳನದಲ್ಲಿ ಎಂಬುದನ್ನು ಇಲ್ಲಿ ಗಮನಿಸತಕ್ಕುದು. ಆ ಒಲೆಗೆ ಗಾಜಿನಂತಹ ಹಲಗೆಯಾದರೂ ಇದ್ದಿತು. ಈಗ ಸುರುಳಿಯನ್ನು ಕಟ್ಟೆಯ ಕಲ್ಲಿನ ಅಡಿಯಲ್ಲಿಯೇ ಕೂರಿಸುವುದರಿಂದ ಒಲೆಯೆಂಬ ಗುರುತೇ ಇಲ್ಲವಾಗಿದೆ. ನಡುವೆ ಕಲ್ಲು ಬಂದುದರಿಂದ ಸುರುಳಿಗೂ ಪಾತ್ರೆಗೂ ದೂರ ಹೆಚ್ಚಿ ಬಲವು ಕುಂದುತ್ತದೆ. ಪಾತ್ರೆಯ ಕಾವು ಮರಳಿ ತಾಗಿ ಕಲ್ಲು ಬಿರಿಯದಿರಲೆಂದೇ ಹಾಸನ್ನಿಡುವುದು. ಇಷ್ಟು ತೊಂದರೆಯನ್ನು ಸಹಿಸಿಯೂ ಒಲೆಯನ್ನು ಅಡಗಿಸುವುದೇಕೆ? ಅಡಿಗೆಯವಳು ಕೋಣೆಯೊಳಗೆ ಮರೆಯಾಗಿದ್ದಾಗ ಒಲೆಯು ಕಂಡರೂ ಬಾಧಕವಿರಲಿಲ್ಲ. ಆಕೆಯು ಹಜಾರಕ್ಕೆ ಬಂದಮೇಲೆ ಅತಿಥಿಗಳ ಕಣ್ಣಿಗೆ ಒಲೆಯು ಮರೆಯಾಗಬೇಕಾಯಿತು. ಎರಡರಲ್ಲೊಂದನ್ನು ಅಡಗಿಸದೆ ನಾಗರಿಕತೆಗೆ ಸಮಾಧಾನವಿಲ್ಲವೆಂದು ತೋರುತ್ತದೆ.

ಹಾಗೆಂದು ನಾನು ಹಳೆಯದನ್ನು ಹೊಗಳತಕ್ಕವನಲ್ಲ. ನನ್ನ ತಾಯಿಯು ಮಳೆಗಾಲದಲ್ಲಿ ಒದ್ದೆ ಸೌದೆಯನ್ನು ಊದುಗೊಳವೆಯಿಂದ ಊದಿ ಊದಿ ಕೆಂಪಾದ ಕಣ್ಣುಗಳಿಂದಲೇ ನಮಗೆ ಬಡಿಸುತ್ತಿದ್ದಳು. ನಾವು ಅನ್ನವನ್ನು ಕಂಡೆವು. ಆ ಕಣ್ಣುಗಳನ್ನು ಕಾಣಲಿಲ್ಲ. ಹೊಗೆಯನ್ನು ಅಡಗಿಸಿದವರಿಗೆ ನನ್ನ ನಮಸ್ಕಾರವು ಸಲ್ಲುತ್ತದೆ. ಆದರೆ ಒಲೆಯು ಕಾಣದಾದಾಗ ಅದರ ಮುಂದಣ ದುಡಿಮೆಯೂ ಕಾಣದಾಗುವ ಭಯವುಂಟು. ಅಂದು ಹಾಲನ್ನು ಇಳಿಸಿದ ಬಳಿಕ ಮಗಳು ಹಾಸನ್ನು ತೆಗೆದು ಕಲ್ಲನ್ನು ಒರೆಸಿದಳು. ಅಲ್ಲಿ ಏನೂ ನಡೆದಂತೆ ಕಾಣಲಿಲ್ಲ. ನನ್ನ ಪತ್ನಿಯು ಮಾತ್ರ ಆ ಕಲ್ಲಿನ ಮೇಲೆ ಮತ್ತೊಮ್ಮೆ ಮೆಲ್ಲನೆ ಕೈಯಿಟ್ಟು, "ಇನ್ನೂ ಬೆಚ್ಚಗಿದೆ" ಎಂದಳು.